ಬಿಸಿಲೆಯಲ್ಲಿ ಬಿಸಿಲಿಗಿಟ್ಟ ಶೆಲ್ಲು

ಸೋತ ಶೆಲ್ಲನ್ನು ಬಿಸಿಲಿಗಿಟ್ಟರೆ ಇನ್ನೆರಡು ದಿನ ಜೀವ ಹಿಡಿದೀತು ಎಂಬುದು ನನ್ನ ವಯಸ್ಸಿನವರಿಗೆಲ್ಲ ಗೊತ್ತಿರುವ ವಿಜ್ಞಾನ. ಯಾವ ಮೇಷ್ಟ್ರೂ ಇದನ್ನು ಕ್ಲಾಸಿನಲ್ಲಿ ಹೇಳಿಕೊಟ್ಟಿದ್ದಲ್ಲ. ಆದರೂ ಬೀದರಿನಿಂದ ಚಾಮರಾಜನಗರದವರೆಗೆ ಮನೆಮನೆಯ ಕಟ್ಟೆಯ ಮೇಲೆ, ಸಂಡಿಗೆಯ ಪಕ್ಕದಲ್ಲಿ, ಬೆಕ್ಕಿನ ಚಿತ್ರದ ಶೆಲ್ಲುಗಳು ಮೈ ಕಾಯಿಸಿಕೊಳ್ಳುತ್ತ ಮಲಗಿರುತ್ತಿದ್ದವು. ಬಿಸಿಯಾದಾಗ ಒಳಗಿನ ರಾಸಾಯನಿಕ ಕ್ರಿಯೆ ಒಂದಿಷ್ಟು ಚುರುಕಾಗುತ್ತದೆ, ಅಷ್ಟೆ. ಮುದುಕರು ಎಳೆಬಿಸಿಲಿಗೆ ಕೂತಂತೆ ಅನ್ನಿ.

ಈಗ ನಮ್ಮೂರಿನ ಕಷ್ಟ ಕೇಳಿ. ಊರಿನ ಹೆಸರೇ ಬಿಸಿಲೆ. ಹೆಸರಿಟ್ಟ ಪುಣ್ಯಾತ್ಮರು ಬೇಸಿಗೆಯಲ್ಲಿ ಬಂದು ಹೋಗಿರಬೇಕು. ಜೂನ್ ತಿಂಗಳಿಗೆ ಒಮ್ಮೆ ಮಳೆ ಹಿಡಿಯಿತೆಂದರೆ ಇಲ್ಲಿ ಉಂಬಳ ಸಿಗುತ್ತದೆ, ಕಳಲೆ ಸಿಗುತ್ತದೆ, ಏಡಿ ಸಿಗುತ್ತದೆ, ಗೋಡೆಯಲ್ಲಿ, ಕೊಡೆಯಲ್ಲಿ, ಚರ್ಮದ ಚಪ್ಪಲಿಯಲ್ಲಿ ಬೂಷ್ಟು ಸಿಗುತ್ತದೆ. ಸಿಗದ ಪದಾರ್ಥ ಒಂದೇ, ಬಿಸಿಲು. ಹಾಗಾಗಿ ನಮ್ಮ ಮನೆಯ ರೇಡಿಯೊದ ಶೆಲ್ಲುಗಳಿಗೆ ಬಚ್ಚಲೊಲೆಯ ದಂಡೆಯೇ ಗತಿ. ಒಣಮೀನು, ದೊಡ್ಡಮ್ಮನ ಉಪ್ಪಿನ ಮರಿಗೆ, ನಾಲ್ಕು ಶೆಲ್ಲು, ಹೀಗೆ ಸಾಲಾಗಿ. ಒಮ್ಮೆ ಒಂದು ಶೆಲ್ಲು ಒಲೆಯೊಳಕ್ಕೇ ಉರುಳಿತು. ಆಮೇಲೆ ಆದದ್ದನ್ನು ಹೇಳುವುದಿಲ್ಲ. ಅಂದು ಸ್ನಾನಕ್ಕೆ ಕೂತಿದ್ದ ದೊಡ್ಡಪ್ಪ ಸ್ನಾನ ಮುಗಿಸದೆ ಅಂಗಳಕ್ಕೆ ಬಂದರು ಎಂದಷ್ಟೇ ತಿಳಿದರೆ ಸಾಕು.

ದೊಡ್ಡಪ್ಪ ಕಾಫಿ ತೋಟವೊಂದರಲ್ಲಿ ರೈಟರಾಗಿದ್ದರು. ರೈಟರೆಂದರೆ ಕಥೆ ಕಾದಂಬರಿ ಬರೆಯುವವರೆಂದು ಪೇಟೆಯವರು ತಿಳಿದಾರು. ಕಾಫಿ ಸೀಮೆಯಲ್ಲಿ ರೈಟರೆಂದರೆ ಆಳುಗಳ ಹಾಜರಿ ಬರೆಯುವವರು. ಆ ಪುಸ್ತಕದಲ್ಲಿ ಕಲ್ಪನೆಗೆ ಜಾಗವೇ ಇರಲಿಲ್ಲವೆಂದು ನಾನಂತೂ ಆಣೆ ಮಾಡಲಾರೆ. ತೋಟದ ಸಾಹುಕಾರರ ಬಂಗಲೆಯಲ್ಲಿ ವಾಲ್ವಿನ ರೇಡಿಯೊ ಇತ್ತು. ಕರೆಂಟು ಬರದಿದ್ದ ಕಾಲ. ಅದು ಕಾರಿನ ಬ್ಯಾಟರಿಯಲ್ಲಿ ನಡೆಯುತ್ತಿತ್ತು. ಬ್ಯಾಟರಿ ಇಳಿದಾಗ ಅದನ್ನು ಬಸ್ಸಿನಲ್ಲಿ ಹೇರಿಕೊಂಡು ಸಕಲೇಶಪುರಕ್ಕೆ ಹೋಗಿ ಚಾರ್ಜಿಗಿಟ್ಟು ಬರುವುದು ರೈಟರ ಕೆಲಸ. ಹೋಗುವಾಗ ಬ್ಯಾಟರಿ, ಬರುವಾಗ ಸಂತೆಯ ಸಾಮಾನು. ಕೂಡುರಸ್ತೆಯಲ್ಲಿ ಇಳಿದು ನಡೆಯುವಾಗ ದೊಡ್ಡಪ್ಪನಿಗೆ ಜ್ಞಾನೋದಯವಾಯಿತಂತೆ: ಹೊರುವವನು ನಾನು, ಕೇಳುವವರು ಅವರು. ಮುಂದಿನ ವರ್ಷ ಬೋನಸ್ಸಿನ ದುಡ್ಡಿನಲ್ಲಿ ಅವರು ಒಂದು ಟ್ರಾನ್ಸಿಸ್ಟರ್ ತಂದರು.

ತಂದರೆ ಮುಗಿಯಿತೆ? ಲೈಸೆನ್ಸ್ ಬೇಕು. ಈಗಿನ ಹುಡುಗರಿಗೆ ಹೇಳಿದರೆ ನಗುತ್ತಾರೆ, ಹಾಡು ಕೇಳಲಿಕ್ಕೂ ಸರ್ಕಾರದ ಅಪ್ಪಣೆಯೆ ಎಂದು. ಹೌದು ಕಣಪ್ಪ, ಅಂಚೆ ಕಚೇರಿಗೆ ಹೋಗಿ ವರ್ಷಕ್ಕೆ 15 ರೂಪಾಯಿ ಕಟ್ಟಿ ಪುಟ್ಟ ಪುಸ್ತಕದಲ್ಲಿ ಮುದ್ರೆ ಹಾಕಿಸಿಕೊಂಡು ಬರಬೇಕಿತ್ತು. ಎಂಬತ್ತರ ದಶಕದಲ್ಲಿ ಆ ಪದ್ಧತಿ ಹೋಯಿತು. ನಮ್ಮ ಮನೆಯಲ್ಲಿ ಲೈಸೆನ್ಸಿನ ವಸ್ತುಗಳು ಎರಡೇ, ಒಂದು ಕೋವಿ, ಇನ್ನೊಂದು ರೇಡಿಯೊ. ಕೋವಿ ಹಂದಿಗಳನ್ನು ಗದ್ದೆಯಿಂದ ಆಚೆ ಓಡಿಸುತ್ತಿತ್ತು, ರೇಡಿಯೊ ನೆಂಟರನ್ನು ಜಗುಲಿಗೆ ಕರೆತರುತ್ತಿತ್ತು. ಯಾವುದರ ಲೈಸೆನ್ಸು ಮೊದಲು ರದ್ದು ಮಾಡಿಸಬೇಕೆಂದು ದೊಡ್ಡಮ್ಮನನ್ನು ಕೇಳಿದ್ದರೆ ಅವರು ಕಾಫಿ ಲೋಟಗಳನ್ನು ಎಣಿಸಿ ಉತ್ತರ ಹೇಳುತ್ತಿದ್ದರು.

ಇನ್ನು ಸ್ಟೇಷನ್ ಹಿಡಿಯುವ ವಿಚಾರ. ನಮ್ಮೂರಿನ ಹತ್ತಿರ ಮಂಕನಹಳ್ಳಿಯಲ್ಲಿ ಒಂದು ಏಣು ಇದೆ, ನೋಡಿದ್ದೀರಾ? ಅದರ ಈ ಮಗ್ಗುಲಿಗೆ ಬಿದ್ದ ಮಳೆ ಹೇಮಾವತಿ, ಕಾವೇರಿ ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಆ ಮಗ್ಗುಲಿಗೆ ಬಿದ್ದದ್ದು ಕುಮಾರಧಾರೆ, ನೇತ್ರಾವತಿ ಹಿಡಿದು ಅರಬ್ಬಿ ಸಮುದ್ರಕ್ಕೆ. ಒಂದೇ ಮೋಡದ ಎರಡು ಹನಿಗಳು ಅಲ್ಲಿ ಅಣ್ಣತಮ್ಮಂದಿರ ಹಾಗೆ ಪಾಲಾಗುತ್ತವೆ. ರೇಡಿಯೊ ಅಲೆಗಳದ್ದೂ ಇಲ್ಲಿ ಅದೇ ಕಥೆ. 612ರಲ್ಲಿ ಬೆಂಗಳೂರು ಹಗಲು ಹೊತ್ತು ಗಂಟಲು ಕಟ್ಟಿದವರಂತೆ ಬರುತ್ತಿತ್ತು. 1976ರಲ್ಲಿ ಮಂಗಳೂರು ಕೇಂದ್ರ ಶುರುವಾದ ಮೇಲೆ ಘಟ್ಟದ ಅಂಚಿನ ಮನೆಗಳವರು ಅತ್ತ ತಿರುಗಿದರು, ಒಳಗಿನವರು ಬೆಂಗಳೂರನ್ನು ಬಿಡಲಿಲ್ಲ. ಒಂದೇ ಊರಿನಲ್ಲಿ ಒಬ್ಬರ ಮನೆಯಲ್ಲಿ ಯಕ್ಷಗಾನ, ಇನ್ನೊಬ್ಬರ ಮನೆಯಲ್ಲಿ ಕೃಷಿರಂಗ. ರಾತ್ರಿ ಮಾತ್ರ ಎಲ್ಲವೂ ಬರುತ್ತಿತ್ತು, ಒಂದರ ಮೇಲೊಂದು ಬರುತ್ತಿತ್ತು. ಸೂರ್ಯ ಮುಳುಗಿದ ಮೇಲೆ ಮೀಡಿಯಂ ವೇವಿನ ಅಲೆಗಳು ಆಕಾಶದ ಮೇಲ್ಪದರಕ್ಕೆ ಬಡಿದು ಪುಟಿದು ದೂರದೂರಕ್ಕೆ ಬೀಳುತ್ತವೆ. ಧಾರವಾಡದ ಗಾಯನಕ್ಕೆ ಇನ್ಯಾವುದೋ ಊರಿನವರ ಭಾಷಣ ತಂಬೂರಿಯಂತೆ ಕೂಡಿಕೊಳ್ಳುತ್ತಿತ್ತು.

ವಿಚಿತ್ರವೆಂದರೆ ಹತ್ತಿರದ ಬೆಂಗಳೂರು ಕೆಮ್ಮುತ್ತಿದ್ದಾಗ ದೂರದ ಸಿಲೋನು ಪಕ್ಕದ ಕೋಣೆಯಲ್ಲಿ ಕೂತು ಹಾಡಿದಂತೆ ಬರುತ್ತಿತ್ತು. ಅದು ಶಾರ್ಟ್ ವೇವ್. 25, 31, 41 ಮೀಟರಿನ ಗೆರೆಗಳ ನಡುವೆ ಮುಳ್ಳನ್ನು ಕೂದಲೆಳೆಯಷ್ಟು ಸರಿಸಬೇಕು, ಉಸಿರು ಹಿಡಿಯಬೇಕು, ಸಿಕ್ಕಿತೆಂದ ಕೂಡಲೆ ಕೈ ತೆಗೆಯಬೇಕು. ಆ ಸ್ಟೇಷನ್ನಿನ ಹುಟ್ಟೂ ಒಂದು ಕಥೆ. ಎರಡನೇ ಮಹಾಯುದ್ಧದಲ್ಲಿ ಮೌಂಟ್‌ಬ್ಯಾಟನ್ನರ ದಂಡು ಸಿಲೋನಿನಲ್ಲಿತ್ತು. ಸಿಪಾಯಿಗಳ ಬೇಸರ ಕಳೆಯಲು ದಂಡಿನವರು ಅಲ್ಲಿ 100 ಕಿಲೋವ್ಯಾಟಿನ ಶಾರ್ಟ್ ವೇವ್ ಯಂತ್ರ ನಿಲ್ಲಿಸಿದರು. ಯುದ್ಧ ಮುಗಿಯಿತು, ಸಿಪಾಯಿಗಳು ಮನೆಗೆ ಹೋದರು, ಯಂತ್ರ ಉಳಿಯಿತು. ಉಳಿದ ಯಂತ್ರದಲ್ಲಿ 1950ರಲ್ಲಿ ಜಾಹೀರಾತಿನ ವಿಭಾಗ ಶುರುವಾಯಿತು. ಇತ್ತ ದೆಹಲಿಯಲ್ಲಿ ವಾರ್ತಾ ಮಂತ್ರಿಯಾಗಿದ್ದ ಬಿ.ವಿ. ಕೇಸ್ಕರ್ ಅವರಿಗೆ ಶಾಸ್ತ್ರೀಯ ಸಂಗೀತದ ಮೇಲೆ ಎಷ್ಟು ಪ್ರೀತಿಯೋ ಸಿನಿಮಾ ಹಾಡಿನ ಮೇಲೆ ಅಷ್ಟೇ ಮುನಿಸು. 1952ರಲ್ಲಿ ಅವರು ಆಕಾಶವಾಣಿಯಿಂದ ಸಿನಿಮಾ ಹಾಡುಗಳನ್ನು ಹೊರಗೆ ಕಳಿಸಿದರು. ಬಾಗಿಲು ಹಾಕಿದರೆ ಬೆಕ್ಕು ಕಿಟಕಿಯಲ್ಲಿ ಬರುವುದಿಲ್ಲವೆ? ಅದೇ ವರ್ಷ ಡಿಸೆಂಬರಿನಲ್ಲಿ ಸಿಲೋನಿನಲ್ಲಿ ಬಿನಾಕಾ ಗೀತಮಾಲಾ ಶುರುವಾಯಿತು. ಅಮೀನ್ ಸಯಾನಿಯವರ ಕಂಠ ಬುಧವಾರ ರಾತ್ರಿ 8 ಗಂಟೆಗೆ ಮುಂದೆ ಹಿಂದಿಯ ಗಂಧವಿಲ್ಲದ ನಮ್ಮ ಜಗುಲಿಯನ್ನೂ ‘ಬೆಹನೋ ಔರ್ ಭಾಯಿಯೋ’ ಎಂದು ಕೂಗಿ ಕರೆಯಿತು. ದೆಹಲಿಗೆ ಬುದ್ಧಿ ಬಂದು 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ತೆರೆಯುವಷ್ಟರಲ್ಲಿ ದೇಶದ ಕಿವಿಗಳು ಸಮುದ್ರ ದಾಟಿದ್ದವು.

ಬಿನಾಕಾ ಎಂದರೆ ಹಲ್ಲಿನ ಪೇಸ್ಟು. ಅದರ ಡಬ್ಬಿಯೊಳಗೆ ಪುಟ್ಟ ಪ್ಲಾಸ್ಟಿಕ್ಕಿನ ಪ್ರಾಣಿ ಇರುತ್ತಿತ್ತು, ಮಕ್ಕಳಿಗೆ ಪೇಸ್ಟಿಗಿಂತ ಅದೇ ಮುಖ್ಯ. ನಮ್ಮ ಮನೆಯಲ್ಲಿ ಹಲ್ಲಿಗೆ ಬತ್ತದ ಹೊಟ್ಟಿನ ಮಸಿ. ವರ್ಷಗಟ್ಟಲೆ ಆ ಕಂಪನಿಯ ಖರ್ಚಿನಲ್ಲಿ ಹಾಡು ಕೇಳಿ, ಒಂದು ಟ್ಯೂಬೂ ಕೊಳ್ಳದೆ, ಮಸಿ ಬಳಿದ ಹಲ್ಲಿನಲ್ಲೇ ನಕ್ಕವರು ನಾವು. ಋಣ ತೀರಿಸಲು ಈಗ ಪೇಸ್ಟು ಕೊಳ್ಳೋಣವೆಂದರೆ ಹಲ್ಲಿಲ್ಲ.

ಇದೆಲ್ಲ ಈಗ ಯಾಕೆ ನೆನಪಾಯಿತೆಂದರೆ, ಅಮೆರಿಕದಲ್ಲಿರುವ ಅಕ್ಕನ ಮಗ ಹೋದ ವರ್ಷ ಬಂದಾಗ ನನ್ನ ಫೋನಿಗೆ ಅಲ್ಲಿಯ ಹಳೇ ರೇಡಿಯೊ ಕಾರ್ಯಕ್ರಮಗಳನ್ನು ತುಂಬಿಸಿ ಹೋದ. ‘ಮಾವ, ನಿಮಗೆ ರೇಡಿಯೊ ಅಂದ್ರೆ ಇಷ್ಟ ಅಲ್ವಾ, ಇದನ್ನ ಕೇಳಿ’ ಎಂದ. ನಮ್ಮ ಜಿಲ್ಲೆಯವರಿಗೆ ಅಮೆರಿಕ ಹೊಸದಲ್ಲ ಬಿಡಿ. ಗೊರೂರು ರಾಮಸ್ವಾಮಿ ಅಯ್ಯಂಗಾರರು ಅಲ್ಲಿಗೆ ಹೋಗಿ ಬಂದು ‘ಅಮೆರಿಕದಲ್ಲಿ ಗೊರೂರು’ ಬರೆದು ನಮ್ಮನ್ನೆಲ್ಲ ಟಿಕೇಟಿಲ್ಲದೆ ಕರೆದೊಯ್ದಿದ್ದರು. ಈ ಸಲ ನಾನು ಜಗುಲಿಯಲ್ಲೇ ಕೂತು ಕಿವಿಯಲ್ಲಿ ಹೋಗಿ ಬಂದೆ. ಇಂಗ್ಲಿಷು ಅರ್ಧ ತಿಳಿಯಿತು. ಸಿಲೋನಿನ ಹಿಂದಿ ಅಷ್ಟೂ ತಿಳಿಯುತ್ತಿರಲಿಲ್ಲವಲ್ಲ, ಲಾಭವೇ.

ಅಲ್ಲಿ ಎನ್‌ಬಿಸಿ, ಸಿಬಿಎಸ್, ಎಬಿಸಿ, ಮ್ಯೂಚುಯಲ್ ಎಂದು ನಾಲ್ಕು ದೊಡ್ಡ ಜಾಲಗಳು. ಸರ್ಕಾರದ್ದಲ್ಲ, ಲೈಸೆನ್ಸಿನ ದುಡ್ಡೂ ಇಲ್ಲ. ಎಲ್ಲ ಸೋಪು, ಸಿಗರೇಟು, ಕಾಫಿ ಮಾರುವವರ ಖರ್ಚು. ಮಧ್ಯಾಹ್ನ ಹೆಂಗಸರಿಗೆಂದು ಬರುತ್ತಿದ್ದ ಅಳುಬುರುಕು ಧಾರಾವಾಹಿಗಳಿಗೆ ಸೋಪಿನವರು ದುಡ್ಡು ಹಾಕುತ್ತಿದ್ದರಿಂದಲೇ ‘ಸೋಪ್ ಆಪೆರಾ’ ಎಂಬ ಹೆಸರು. ನಾನು ಕೇಳಿದ್ದರಲ್ಲಿ ನನಗೆ ಹುಚ್ಚು ಹಿಡಿಸಿದವನು ಎಡ್ಗರ್ ಬರ್ಗೆನ್. ಅವನ ಕಸುಬು ಏನು ಗೊತ್ತೆ? ತುಟಿ ಅಲ್ಲಾಡಿಸದೆ ಬೊಂಬೆಯನ್ನು ಮಾತಾಡಿಸುವುದು. ತುಟಿ ಅಲ್ಲಾಡಿತೋ ಇಲ್ಲವೋ ಯಾರಿಗೂ ಕಾಣದ ರೇಡಿಯೊದಲ್ಲಿ! ಚಾರ್ಲಿ ಮೆಕಾರ್ಥಿ ಎಂಬ ಆ ಮರದ ಬೊಂಬೆ ದೇಶದಲ್ಲೇ ದೊಡ್ಡ ಹೆಸರು ಮಾಡಿತು. ಇದೇನು ಮರುಳೋ ಎಂದು ನಗಬೇಡಿ. ನಮ್ಮಲ್ಲಿ ಎ.ಎಸ್. ಮೂರ್ತಿಯವರು ರೇಡಿಯೊದಲ್ಲಿ ಈರಣ್ಣನಾಗಿ ಮಾತಾಡಿ ಮಾತಾಡಿ ಕೊನೆಗೆ ‘ಆಕಾಶವಾಣಿ ಈರಣ್ಣ’ ಎಂದೇ ಆಗಿಹೋದರು. ನಮ್ಮ ದೊಡ್ಡಮ್ಮ ಈರಣ್ಣನಿಗೆ ಮೀಸೆ, ಹೆಗಲ ಮೇಲೆ ಕೆಂಪು ಟವಲು ಎಲ್ಲ ಗೊತ್ತುಮಾಡಿಟ್ಟಿದ್ದರು. ಟವಲು ಹಸಿರೆಂದು ಅತ್ತೆ ವಾದಿಸುತ್ತಿದ್ದರು.

ಬರ್ಗೆನ್ನನ ಬೊಂಬೆಗೆ 1948ರವರೆಗೆ ದುಡ್ಡು ಹಾಕಿದವರು ಚೇಸ್ ಅಂಡ್ ಸ್ಯಾನ್‌ಬಾರ್ನ್ ಕಾಫಿಯವರು. ಯುದ್ಧ ಮುಗಿದ ಹೊಸದರಲ್ಲಿ ಜಾರ್ಜ್ ಬರ್ನ್ಸ್, ಗ್ರೇಸಿ ಆಲೆನ್ ಎಂಬ ಗಂಡಹೆಂಡಿರ ಹಾಸ್ಯಕ್ಕೆ ಮ್ಯಾಕ್ಸ್‌ವೆಲ್ ಹೌಸ್ ಕಾಫಿಯವರು. ಕಾಫಿ ಗಿಡದ ಎಲೆಯನ್ನೂ ಕಾಣದ ಊರಿನಲ್ಲಿ ಕಾಫಿಯಿಂದ ನಗೆ ಹುಟ್ಟಿತು. ಕಾಫಿ ಹಣ್ಣು ಕುಯ್ದು ಕೈ ಅಂಟಾಗುವ ನಮ್ಮ ಸೀಮೆಯವರು ರೇಡಿಯೊಗೆ ಒಂದು ನಾಟಕವನ್ನಾದರೂ ಕೊಟ್ಟರೆ? ಕೊಡುವುದು ಹೇಗೆ? 1942ರ ಕಾನೂನಿನ ಪ್ರಕಾರ ಬೆಳೆದ ಕಾಫಿಯನ್ನೆಲ್ಲ ಕಾಫಿ ಬೋರ್ಡಿನ ಪೂಲಿಗೆ ಹಾಕಬೇಕು. ಎಲ್ಲರ ಕಾಫಿಯೂ ಒಂದೇ ರಾಶಿಗೆ ಬಿದ್ದ ಮೇಲೆ ನಮ್ಮ ತೋಟದ್ದೇ ಕುಡಿಯಿರಿ ಎಂದು ಸಾರುವುದೆಲ್ಲಿ? ಆ ಕಟ್ಟು ಪೂರ್ತಿ ಬಿಚ್ಚಿದ್ದು 1996ರಲ್ಲಿ. ಅಷ್ಟರಲ್ಲಿ ಜನ ರೇಡಿಯೊ ಬಿಟ್ಟಿದ್ದರು. ನಮ್ಮವರಿಗೆ ಯಾವಾಗಲೂ ಹೀಗೆ. ಹೂಮಳೆ ಬೇಕಾದಾಗ ಮೋಡವಿಲ್ಲ, ಕಣದಲ್ಲಿ ಕಾಫಿ ಒಣಗುವಾಗ ಮಳೆ.

ಮಳೆಯೆಂದಾಗ ಇನ್ನೊಂದು ಮಾತು. ರೇಡಿಯೊ ನಾಟಕದಲ್ಲಿ ಕುದುರೆ ಓಡಬೇಕಾದರೆ ತೆಂಗಿನ ಚಿಪ್ಪು ಕುಟ್ಟುತ್ತಾರೆ, ಬೆಂಕಿ ಉರಿಯಬೇಕಾದರೆ ಗರಿಗರಿ ಹಾಳೆ ಮುದುರುತ್ತಾರೆ, ಮಳೆ ಬರಬೇಕಾದರೆ ಕಾಳು ಉರುಳಿಸುತ್ತಾರೆ. ಅಮೆರಿಕದಲ್ಲಿ ಇದೊಂದು ದೊಡ್ಡ ಕಸುಬೇ ಆಗಿತ್ತು. ಬಿಸಿಲೆಯಲ್ಲಿ ಆ ಕಾಳಿನ ಮಳೆ ಕೇಳಬೇಕಾದರೆ ಮೊದಲು ನಿಜವಾದ ಮಳೆ ನಿಲ್ಲಬೇಕು. ಹೆಂಚಿನ ಮೇಲೆ ಸುರಿಯುವ ಸದ್ದಿನಲ್ಲಿ ಎಷ್ಟೋ ನಾಟಕಗಳಲ್ಲಿ ಕೊಲೆಗಾರ ಯಾರೆಂದು ನಮಗೆ ಇಂದಿಗೂ ಗೊತ್ತಾಗಿಲ್ಲ. ದೊಡ್ಡಮ್ಮ ಮಾತ್ರ ಪ್ರತಿ ಸಲವೂ ಬಾಮೈದನ ಮೇಲೆ ಅನುಮಾನಪಡುತ್ತಿದ್ದರು. ಅದಕ್ಕೆ ಬೇರೆ ಕಾರಣಗಳಿದ್ದವು.

ಅಮೆರಿಕದ ರೇಡಿಯೊದಲ್ಲಿ ಜ್ಯಾಕ್ ಬೆನ್ನಿ ಎಂಬವನೊಬ್ಬನಿದ್ದ. ಅವನ ಪಾತ್ರ ಜಿಪುಣಾಗ್ರೇಸರ. 1948ರ ಒಂದು ಪ್ರಸಂಗದಲ್ಲಿ ಕತ್ತಲ ರಸ್ತೆಯಲ್ಲಿ ಕಳ್ಳ ಅಡ್ಡಗಟ್ಟಿ, ದುಡ್ಡು ಕೊಡ್ತೀಯೋ ಪ್ರಾಣ ಕೊಡ್ತೀಯೋ ಎನ್ನುತ್ತಾನೆ. ಬೆನ್ನಿ ಮಾತಾಡುವುದಿಲ್ಲ. ಜನ ನಗಲು ಶುರುಮಾಡುತ್ತಾರೆ. ಕಳ್ಳ ರೇಗಿ ಮತ್ತೆ ಕೇಳಿದಾಗ, ತಡಿಯಪ್ಪ, ಯೋಚನೆ ಮಾಡ್ತಾ ಇದ್ದೀನಿ ಎನ್ನುವ ಅರ್ಥದ ಮಾತು. ರೇಡಿಯೊದಲ್ಲಿ ಸುಮ್ಮನಿದ್ದು ನಗಿಸುವುದು ಎಂಥ ಧೈರ್ಯ ಯೋಚಿಸಿ! ನಮ್ಮ ಮನೆಯಲ್ಲಾಗಿದ್ದರೆ ಆ ನಗೆ ನಡೆಯುತ್ತಿರಲಿಲ್ಲ. ರೇಡಿಯೊ ಅಷ್ಟು ಹೊತ್ತು ಸುಮ್ಮನಾದರೆ ದೊಡ್ಡಪ್ಪ ಅದರ ಬೆನ್ನಿಗೊಂದು ಗುದ್ದು ಕೊಟ್ಟು, ಶೆಲ್ಲು ತೆಗೆದು ಬಚ್ಚಲೊಲೆಗೆ ಕಳಿಸುತ್ತಿದ್ದರು.

ಕಂಪನಿ ನಾಟಕದ ಕಾಲದಲ್ಲಿ ಒಂದು ಕಂಪನಿಯ ಸ್ತ್ರೀಪಾತ್ರಧಾರಿಯನ್ನು ಇನ್ನೊಂದು ಕಂಪನಿಯವರು ರಾತ್ರೋರಾತ್ರಿ ಹಾರಿಸಿಕೊಂಡು ಹೋಗುತ್ತಿದ್ದ ಕಥೆಗಳನ್ನು ಕೇಳಿದ್ದೀರಲ್ಲ? ಅಲ್ಲೂ ಅದೇ. ಸಿಬಿಎಸ್ಸಿನ ಯಜಮಾನ ವಿಲಿಯಂ ಪೇಲಿ 1948-49ರಲ್ಲಿ ಎನ್‌ಬಿಸಿಯ ನಗೆಗಾರರನ್ನು ಒಬ್ಬೊಬ್ಬರನ್ನಾಗಿ ಎಳೆದುಕೊಂಡ, ಬೆನ್ನಿಯನ್ನೂ ಸೇರಿಸಿ. ಎತ್ತಿನ ಗಾಡಿಯಲ್ಲಿ ಅಲ್ಲ, ಆದಾಯ ತೆರಿಗೆ ಉಳಿಸುವ ಲೆಕ್ಕಾಚಾರ ತೋರಿಸಿ. ಇನ್ನೊಬ್ಬ, ಗಾಯಕ ಬಿಂಗ್ ಕ್ರಾಸ್ಬಿ. ಪೂರ್ವದವರಿಗೊಮ್ಮೆ, ಮೂರು ಗಂಟೆ ತಡವಾಗಿ ಪಶ್ಚಿಮದವರಿಗೊಮ್ಮೆ ಅದೇ ಹಾಡು ಹೇಳುವುದು ಅವನಿಗೆ ಬೇಸರ. ಗಾಲ್ಫ್ ಆಡುವುದು ಇಷ್ಟ. ಜ್ಯಾಕ್ ಮುಲಿನ್ ಎಂಬ ಅಮೆರಿಕನ್ ಸೈನಿಕ ಸೋತ ಜರ್ಮನಿಯಿಂದ ಎರಡು ಟೇಪ್ ರೆಕಾರ್ಡರ್ ಹೊತ್ತು ತಂದಿದ್ದ. ಕ್ರಾಸ್ಬಿ ಟೇಪಿಗೆ ಹಾಡಿಟ್ಟು ಗಾಲ್ಫಿಗೆ ಹೋದ. ಅಂಥದೇ ಯಂತ್ರ ಮಾಡಲು ಹೊರಟ ಆಂಪೆಕ್ಸ್ ಎಂಬ ಸಣ್ಣ ಕಂಪನಿಗೆ 50,000 ಡಾಲರನ್ನೂ ಕೊಟ್ಟ. ಅಲ್ಲಿ ಹಿಟ್ಲರನ ಕಾಲದ ಟೇಪು, ಇಲ್ಲಿ ಮೌಂಟ್‌ಬ್ಯಾಟನ್ನರ ಟ್ರಾನ್ಸ್‌ಮಿಟರು. ಮದುವೆ ಮನೆಯಲ್ಲಿ ಮಿಕ್ಕ ಅನ್ನ ಮಾರನೆಯ ದಿನ ಚಿತ್ರಾನ್ನವಾದ ಹಾಗೆ ಯುದ್ಧದಲ್ಲಿ ಮಿಕ್ಕದ್ದು ಹಾಡಾಯಿತು.

ನಮ್ಮ ಮೈಸೂರಿನ ಕಥೆಗೆ ಯುದ್ಧವೂ ಬೇಕಾಗಲಿಲ್ಲ, ಕಂಪನಿಯೂ ಬೇಕಾಗಲಿಲ್ಲ. ಮಹಾರಾಜಾ ಕಾಲೇಜಿನಲ್ಲಿ ಮನಃಶಾಸ್ತ್ರ ಹೇಳುತ್ತಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರಿನಲ್ಲಿ ತಮ್ಮ ‘ವಿಠಲ ವಿಹಾರ’ ಮನೆಯಲ್ಲೇ ರೇಡಿಯೊ ಸ್ಟೇಷನ್ ಶುರುಮಾಡಿದರು. 30 ವ್ಯಾಟಿನ ಯಂತ್ರ. ಈಗ ನಮ್ಮ ಬಚ್ಚಲುಮನೆಯ ಬಲ್ಬು 40. ಆ 30 ವ್ಯಾಟಿಗೆ ಇಟ್ಟ ಹೆಸರು ಆಕಾಶವಾಣಿ. ಮುಂದೆ ಇಡೀ ದೇಶದ ರೇಡಿಯೊ ಆ ಹೆಸರನ್ನು ಹೊತ್ತಿತು. ಮನಸ್ಸಿನ ಶಾಸ್ತ್ರ ಬಲ್ಲವರಿಗೆ ಜನರ ಕಿವಿ ಎಲ್ಲಿದೆಯೆಂದು ಗೊತ್ತಿರುತ್ತದೆ. 1950ರಲ್ಲಿ ಧಾರವಾಡದ ಕೇಂದ್ರ ತೆರೆಯಿತು. 1955ರ ನವೆಂಬರಿನಲ್ಲಿ ಮೈಸೂರಿನ ಕೇಂದ್ರ ಬೆಂಗಳೂರಿಗೆ ಹೋಯಿತು. ಮೈಸೂರಿನವರು ಈಗಲೂ ಆ ಮಾತು ಬಂದರೆ ಕಾಫಿ ಲೋಟವನ್ನು ಸ್ವಲ್ಪ ಜೋರಾಗಿ ಕೆಳಗಿಡುತ್ತಾರೆ.

ಅಮೆರಿಕದಲ್ಲಿ ಆಟ ಬೇಗ ಮುಗಿಯಿತು. ಟಿವಿ ಬಂತು. ‘ಗನ್‌ಸ್ಮೋಕ್’ ಎಂಬ ಕುದುರೆ ಕೋವಿಗಳ ಧಾರಾವಾಹಿಯಲ್ಲಿ ವಿಲಿಯಂ ಕಾನ್ರಾಡ್ ಎಂಬ ನಟನ ದನಿ ಕೇಳಿದವರೆಲ್ಲ ಆರಡಿ ಎತ್ತರದ ವೀರನನ್ನು ಕಾಣುತ್ತಿದ್ದರು. ಆಸಾಮಿ ದಪ್ಪ. 1955ರಲ್ಲಿ ಅದೇ ಕಥೆ ಟಿವಿಗೆ ಹೋದಾಗ ಜೇಮ್ಸ್ ಆರ್ನೆಸ್ ಎಂಬ ನೀಳಕಾಯದವನು ಬಂದ. ಕಿವಿಗೆ ಸಂದವನು ಕಣ್ಣಿಗೆ ಸಲ್ಲಲಿಲ್ಲ. 1962ರ ಸೆಪ್ಟೆಂಬರ್ 30ರಂದು ಕೊನೆಯ ಎರಡು ಪತ್ತೇದಾರಿ, ಭಯಾನಕ ನಾಟಕಮಾಲೆಗಳೂ ಮುಗಿದು ಅಲ್ಲಿ ಆ ಯುಗಕ್ಕೆ ದೀಪ ಆರಿಸಿದರು. ಅಲ್ಲಿ ದೀಪ ಆರಿದ ಮೇಲೇ ನಮ್ಮ ದೊಡ್ಡಪ್ಪ ಬೋನಸ್ಸಿನ ದುಡ್ಡು ಎಣಿಸುತ್ತ ಟ್ರಾನ್ಸಿಸ್ಟರಿನ ಅಂಗಡಿ ಮುಂದೆ ನಿಂತದ್ದು. ಅಲ್ಲಿ ರಾತ್ರಿಯಾದಾಗ ಇಲ್ಲಿ ಬೆಳಗು ಎಂದು ಭೂಗೋಳದ ಮೇಷ್ಟ್ರು ಹೇಳಿದ್ದು ಸುಳ್ಳಲ್ಲ.

ನಮ್ಮ ಬೆಳಗೂ ಸಂಜೆಯಾಯಿತು. ತೊಂಬತ್ತರ ದಶಕದಲ್ಲಿ ಹಾಸನಕ್ಕೂ ಮಡಿಕೇರಿಗೂ ಎಫ್.ಎಂ. ಕೇಂದ್ರಗಳು ಬಂದವು. ಎಫ್.ಎಂ. ಅಲೆ ಮರ್ಯಾದಸ್ಥ, ನೇರ ದಾರಿಯಲ್ಲಿ ಹೋಗುತ್ತದೆ, ಬೆಟ್ಟ ಹತ್ತಿ ಇಳಿಯುವುದಿಲ್ಲ. ನಮ್ಮಲ್ಲಿರುವುದು ಬರೀ ಬೆಟ್ಟ. ಈಗ ಆಲೂರು, ಸಕಲೇಶಪುರದ ಕಡೆ ರೇಡಿಯೊ ಇರುವುದು ಯಾರ ಹತ್ತಿರ ಹೇಳಿ? ಆನೆಯ ಹತ್ತಿರ. ಕಾಡಾನೆಗಳ ಕಾಟ ತಡೆಯಲಾರದೆ ಅರಣ್ಯ ಇಲಾಖೆಯವರು ಕೆಲವಕ್ಕೆ ಅರಿವಳಿಕೆ ಕೊಟ್ಟು ಕುತ್ತಿಗೆಗೆ ರೇಡಿಯೊ ಕಾಲರ್ ಕಟ್ಟಿದ್ದಾರೆ. ಹಿಂಡು ಯಾವ ತೋಟಕ್ಕೆ ನುಗ್ಗಿದೆಯೆಂದು ಫೋನಿಗೆ ಸಂದೇಶ ಬರುತ್ತದೆ. ಮೊದಲು ರೇಡಿಯೊ ಮಾತಾಡಿದರೆ ಊರವರು ಜಗುಲಿಗೆ ಬರುತ್ತಿದ್ದರು, ಈಗ ರೇಡಿಯೊ ಮಾತಾಡಿದರೆ ಜಗುಲಿಯಲ್ಲಿದ್ದವರು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ. ಅದರ ಬ್ಯಾಟರಿ ಇಳಿದರೆ ಬಿಸಿಲಿಗಿಡುವವರು ಯಾರು ಎಂದು ನಾನು ಒಮ್ಮೆ ಗಾರ್ಡ್ ಒಬ್ಬರನ್ನು ಕೇಳಿದೆ. ಅವರು ನಗಲಿಲ್ಲ, ದಿನವಿಡೀ ಆನೆಯ ಹಿಂದೆ ನಡೆದವರಿಗೆ ನಗೆ ಎಲ್ಲಿಂದ ಬರಬೇಕು?

ದೊಡ್ಡಪ್ಪನ ಟ್ರಾನ್ಸಿಸ್ಟರ್ ಈಗಲೂ ಅಟ್ಟದ ಮೇಲಿದೆ. ಮುಳ್ಳು ಸಿಲೋನಿನ ಹತ್ತಿರವೇ ನಿಂತಿದೆ, ಯಾರೂ ಸರಿಸಿಲ್ಲ. ಮಳೆಗಾಲ ಕಳೆದ ಮೇಲೆ ಈ ಕಡೆ ಬಂದರೆ ಜಗುಲಿಗೆ ಬನ್ನಿ. ಬೆಲ್ಲದ ಕಾಫಿ, ಅಕ್ಕಿರೊಟ್ಟಿ ನಮ್ಮದು. ಬರುವಾಗ ದೊಡ್ಡ ಸೈಜಿನ ನಾಲ್ಕು ಶೆಲ್ಲು ತನ್ನಿ. ಹೊಸದೇ ಆಗಬೇಕೆಂದಿಲ್ಲ.